ಸೋತ ತೋಳು, ತೀರದ ಕರಾರು

ಬೀಳ್ಕೊಡುಗೆ ಎಂಬ ನಮ್ಮ ಮಾತನ್ನು ಸ್ವಲ್ಪ ಬಿಡಿಸಿ ನೋಡಿದರೆ ಅದರ ಹಿಂದೆ ಎರಡು ಕ್ರಿಯೆಗಳು ನಿಂತಿರುವುದು ಕಾಣುತ್ತದೆ. ಹೊರಡುವವನು ಬೀಳ್ಕೊಳ್ಳುತ್ತಾನೆ, ಉಳಿಯುವವರು ಬೀಳ್ಕೊಡುತ್ತಾರೆ. ಒಬ್ಬನು ಅಪ್ಪಣೆಯನ್ನು ಕೊಳ್ಳಬೇಕು, ಮತ್ತೊಬ್ಬರು ಅದನ್ನು ಕೊಡಬೇಕು. ಹೊರಡುವವನು ಸಿದ್ಧನಾಗಿದ್ದು ಕಳುಹಿಸುವವರು ಸಿದ್ಧರಾಗದಿದ್ದರೆ, ಅಥವಾ ಕಳುಹಿಸುವವರು ಹಾರ ಹಿಡಿದು ನಿಂತಿದ್ದು ಹೊರಡುವವನಿಗೆ ಕಾಲು ಏಳದಿದ್ದರೆ, ಬೀಳ್ಕೊಡುಗೆ ನಡೆಯುವುದಿಲ್ಲ. ನಮ್ಮಂಥ ಉಪಾಧ್ಯಾಯರಿಗೆ ಈ ತೊಡಕು ಬರುವುದಿಲ್ಲ. ಕೆಲಸಕ್ಕೆ ಸೇರಿದ ದಿನವೇ ಬಿಡುವ ದಿನವೂ ಲೆಕ್ಕಕ್ಕೆ ಸಿಕ್ಕಿರುತ್ತದೆ. ಆ ದಿನ ಬಂದರೆ ಹಾರ, ಶಾಲು, ಫಲತಾಂಬೂಲ, ನಾಲ್ಕು ಒಳ್ಳೆಯ ಮಾತು. ಮರುದಿನದ ಗಂಟೆ ಬೇರೊಬ್ಬರಿಗಾಗಿ ಹೊಡೆಯುತ್ತದೆ. ಆದರೆ ದೇಹವನ್ನೇ ಬಂಡವಾಳವಾಗಿ ಹೂಡಿ ಬದುಕುವವರ ಸಂಗತಿ ಹಾಗಲ್ಲ. ಅವರಿಗೆ ದಿನವನ್ನು ಗೊತ್ತುಮಾಡುವುದು ಪಂಚಾಂಗವಲ್ಲ, ಎಲುಬು ಮತ್ತು ನರ.

ಈ ಹೊತ್ತು ನಾನು ಹೇಳಹೊರಟಿರುವುದು ಅಂಥ ಇಬ್ಬರ ಸಂಗತಿ. ಇಬ್ಬರೂ ಅಮೆರಿಕದವರು, ಇಬ್ಬರೂ ಬೇಸ್‌ಬಾಲ್ ಆಟಗಾರರು. ಇಬ್ಬರಿಗೂ 35ನೆಯ ವಯಸ್ಸಿನಲ್ಲಿಯೇ ಆಟ ಮುಗಿಯಿತು. ಮುಗಿಸಿದ್ದು ದೇಹದ ಏಟು. ಇಬ್ಬರು ಆಡುವುದನ್ನು ಬಿಟ್ಟಾಗಲೂ ತಂಡದೊಡನೆ ಮಾಡಿಕೊಂಡಿದ್ದ ಕರಾರಿನಲ್ಲಿ ಇನ್ನೂ ವರುಷಗಳು ಉಳಿದಿದ್ದವು. ಒಬ್ಬನಿಗೆ ಕರಾರಿನ ಲೆಕ್ಕ ತೀರುವ ಮೊದಲೇ ಬೀಳ್ಕೊಡುಗೆ ಸಿಕ್ಕಿತು. ಇನ್ನೊಬ್ಬನಿಗೆ ಲೆಕ್ಕ ತೀರದೆ ಬೀಳ್ಕೊಡುಗೆಯೇ ನಿಂತುಹೋಯಿತು. ಮೊದಲನೆಯವನು ನ್ಯೂಯಾರ್ಕ್ ಮೆಟ್ಸ್ ತಂಡದ ನಾಯಕ ಡೇವಿಡ್ ರೈಟ್. ಎರಡನೆಯವನು ವಾಷಿಂಗ್ಟನ್ ನ್ಯಾಷನಲ್ಸ್ ತಂಡದ ಎಸೆತಗಾರ ಸ್ಟೀಫನ್ ಸ್ಟ್ರಾಸ್‌ಬರ್ಗ್.

ಬೇಸ್‌ಬಾಲ್ ಆಟವನ್ನು ನೋಡದವರಿಗಾಗಿ ಎರಡು ಮಾತು. ಕ್ರಿಕೆಟ್ ಬಲ್ಲ ನಮಗೆ ಅದು ದೂರದ ನೆಂಟನ ಹಾಗೆ. ಮುಖದ ಕಳೆ ಒಂದೇ, ನಡೆ ಬೇರೆ. ಪಕ್ಷಕ್ಕೆ ಒಂಬತ್ತು ಮಂದಿ. ದಾಂಡು ಉರುಟಾದದ್ದು. ಎಸೆತಗಾರನು ಸ್ವಲ್ಪ ಎತ್ತರಿಸಿದ ಮಣ್ಣಿನ ದಿಬ್ಬದ ಮೇಲೆ ನಿಂತು 60 ಅಡಿ 6 ಅಂಗುಲ ದೂರಕ್ಕೆ ಚೆಂಡನ್ನು ಎಸೆಯುತ್ತಾನೆ. ಚೆಂಡು ನೆಲವನ್ನು ಮುಟ್ಟಿ ಪುಟಿಯುವ ಪ್ರಶ್ನೆಯೇ ಇಲ್ಲ. ನೇರವಾಗಿ ದಾಂಡಿಗನ ಮುಂದೆ ಹಾದುಹೋಗಬೇಕು. ಮೂರು ಸಲ ತಪ್ಪಿದ ದಾಂಡಿಗ ಹೊರಗೆ. ಅದಕ್ಕೆ ಸ್ಟ್ರೈಕ್‌ಔಟ್ ಎಂದು ಹೆಸರು. ಕ್ರಿಕೆಟ್ಟಿನಲ್ಲಿ ಮೊಣಕೈಯನ್ನು ಮಡಿಸಿ ಎಸೆದರೆ ತಪ್ಪೆಸೆತ ಎಂದು ಅಂಪೈರ್ ಕೈ ನೀಡುತ್ತಾನೆ. ಇಲ್ಲಿ ಮೊಣಕೈಯನ್ನು ಮಡಿಸಿ, ಭುಜವನ್ನು ಹಿಂದಕ್ಕೆ ತಿರುಚಿ, ಬಿಲ್ಲಿನಿಂದ ಬಾಣ ಬಿಟ್ಟ ಹಾಗೆ ಬೀಸುವುದೇ ವಿದ್ಯೆ. ಗಂಟೆಗೆ 90 ಮೈಲಿ, 95 ಮೈಲಿ, ಕೆಲವರದು 100 ಮೈಲಿ ವೇಗ. ವಸಂತದಿಂದ ಶರತ್ಕಾಲದವರೆಗೆ ಒಂದೊಂದು ತಂಡವೂ 162 ಪಂದ್ಯಗಳನ್ನು ಆಡುತ್ತದೆ. ಆಟವನ್ನು ಆರಂಭಿಸುವ ಎಸೆತಗಾರನಿಗೆ ಸುಮಾರು ಐದು ದಿನಕ್ಕೊಮ್ಮೆ ಸರದಿ. ಆ ನಾಲ್ಕು ದಿನದ ಬಿಡುವು ಔದಾರ್ಯವಲ್ಲ. ಅಷ್ಟು ವಿಶ್ರಾಂತಿಯಿಲ್ಲದೆ ತೋಳು ಮತ್ತೆ ಏಳುವುದಿಲ್ಲ.

ಮನುಷ್ಯನ ತೋಳು ಇಂಥ ಬೀಸಿಗೆಂದು ಹುಟ್ಟಿದ್ದಲ್ಲ. ಮೊಣಕೈಯ ಒಳಬದಿಯಲ್ಲಿ ಎಲುಬಿಗೆ ಎಲುಬನ್ನು ಬಿಗಿದಿರುವ ಒಂದು ಗಟ್ಟಿ ನಾರು ಇದೆ. ಪ್ರತಿಯೊಂದು ಎಸೆತವೂ ಅದನ್ನು ಜಗ್ಗುತ್ತದೆ. ಒಂದು ದಿನ ಅದು ಹರಿಯುತ್ತದೆ. ಮೊದಲು ಹೀಗೆ ಹರಿದವನ ಆಟ ಅಲ್ಲಿಗೇ ಮುಗಿಯುತ್ತಿತ್ತು. 1974ರಲ್ಲಿ ಡಾಕ್ಟರ್ ಫ್ರಾಂಕ್ ಜೋಬ್ ಎಂಬ ಶಸ್ತ್ರವೈದ್ಯರು ಟಾಮಿ ಜಾನ್ ಎಂಬ ಎಸೆತಗಾರನ ಮುಂಗೈಯಿಂದ ಸ್ನಾಯುವಿನ ಎಳೆಯೊಂದನ್ನು ತೆಗೆದು ಹರಿದ ನಾರಿನ ಜಾಗದಲ್ಲಿ ಹೆಣೆದರು. ಟಾಮಿ ಜಾನ್ 1976ರಲ್ಲಿ ಮರಳಿ ಬಂದು 1989ರವರೆಗೆ ಆಡಿದ. ಅವನ 288 ಗೆಲುವುಗಳಲ್ಲಿ 164 ಆ ಶಸ್ತ್ರಚಿಕಿತ್ಸೆಯ ನಂತರದವು. ಈಗ ಆ ಚಿಕಿತ್ಸೆಗೆ ವೈದ್ಯನ ಹೆಸರಲ್ಲ, ರೋಗಿಯ ಹೆಸರೇ ನಿಂತಿದೆ. ಟಾಮಿ ಜಾನ್ ಶಸ್ತ್ರಚಿಕಿತ್ಸೆ ಎಂದರೆ ಅಮೆರಿಕದಲ್ಲಿ ಶಾಲೆಯ ಹುಡುಗರಿಗೂ ಗೊತ್ತು.

ಇನ್ನು ಕರಾರಿನ ಸಂಗತಿ. ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಬಹುಕಾಲ ಅಮೆರಿಕದ ಬೇಸ್‌ಬಾಲ್ ಆಟಗಾರನ ಕರಾರು ಒಂದು ವರುಷದ್ದಾಗಿರುತ್ತಿತ್ತು. ಆದರೆ ಅದನ್ನು ಮುಂದುವರಿಸುವ ಹಕ್ಕು ತಂಡದ ಒಡೆಯನ ಕೈಯಲ್ಲಿರುತ್ತಿತ್ತು. ಆಟಗಾರನಿಗೆ ಬೇರೆ ತಂಡವನ್ನು ಸೇರುವ ಸ್ವಾತಂತ್ರ್ಯವಿಲ್ಲ. ಏಟು ಬಿದ್ದು ಕುಳಿತರೆ ಮುಂದಿನ ವರುಷದ ಭರವಸೆಯೂ ಇಲ್ಲ. ಸ್ಯಾಂಡಿ ಕೌಫ್ಯಾಕ್ಸ್ ಎಂಬ ಎಡಗೈ ಎಸೆತಗಾರನ ಕಥೆ ಇದಕ್ಕೆ ನಿದರ್ಶನ. 1966ರಲ್ಲಿ ಆತ 27 ಪಂದ್ಯಗಳನ್ನು ಗೆದ್ದ. ಅದೇ ನವೆಂಬರಿನಲ್ಲಿ, 30ನೆಯ ವಯಸ್ಸಿನಲ್ಲಿ, ಮೊಣಕೈಯ ಸಂಧಿವಾತದಿಂದಾಗಿ ಆಟವನ್ನು ಬಿಟ್ಟ. ಆ ವರುಷ ಅವನ ಸಂಬಳ 1,25,000 ಡಾಲರು. ಆಗ ಅದು ಬಹಳ ದೊಡ್ಡ ಮೊತ್ತ. ಆದರೆ ಬಿಟ್ಟ ಮೇಲೆ ಬರಬೇಕಾದ ಬಾಕಿ ಎಂಬುದೇ ಇರಲಿಲ್ಲ. ಮುಂದಿನ ವರುಷಗಳ ಕರಾರು ಇದ್ದರಲ್ಲವೆ ಜಗಳ? ಆತ ಹೊರಟ, ಕದ ಮುಚ್ಚಿತು, ಅಷ್ಟೆ.

1969ರಲ್ಲಿ ಕರ್ಟ್ ಫ್ಲಡ್ ಎಂಬಾತ, ತನ್ನನ್ನು ಕೇಳದೆ ಬೇರೊಂದು ತಂಡಕ್ಕೆ ಒಪ್ಪಿಸಿದರೆಂದು ಹೋಗಲು ಒಪ್ಪದೆ 1970ರಲ್ಲಿ ನ್ಯಾಯಾಲಯಕ್ಕೆ ಹೋದ. 1972ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಸೋತ. ಆದರೆ ಅವನು ತಟ್ಟಿದ ಬಾಗಿಲು ಬೇಗನೆ ತೆರೆಯಿತು. 1975ರ ಡಿಸೆಂಬರಿನಲ್ಲಿ ಪೀಟರ್ ಸೈಟ್ಸ್ ಎಂಬ ಮಧ್ಯಸ್ಥಗಾರರು, ಕರಾರಿನ ವರುಷ ಮುಗಿದು ಮತ್ತೊಂದು ವರುಷ ಸಹಿಯಿಲ್ಲದೆ ಆಡಿದವನು ಸ್ವತಂತ್ರನೆಂದು ತೀರ್ಪು ಕೊಟ್ಟರು. ಅಲ್ಲಿಂದ ಮುಂದೆ ಒಳ್ಳೆಯ ಆಟಗಾರನಿಗಾಗಿ ತಂಡಗಳು ಹರಾಜಿನ ಹಾಗೆ ಪೈಪೋಟಿಗೆ ನಿಂತವು. ಐದು ವರುಷ, ಏಳು ವರುಷ, ಹತ್ತು ವರುಷದ ಕರಾರುಗಳು ಬಂದವು.

ಇಂಥ ದೀರ್ಘ ಕರಾರುಗಳಲ್ಲಿ ಸಾಮಾನ್ಯವಾಗಿ ಒಂದು ಭರವಸೆ ಇರುತ್ತದೆ. ಆಟಗಾರನು ಆಟದಲ್ಲಿ ಏಟು ತಿಂದು ಕುಳಿತರೂ ಅವನ ಸಂಬಳ ನಿಲ್ಲುವುದಿಲ್ಲ. ಗಾಯಗೊಂಡವರ ಪಟ್ಟಿ ಎಂಬುದೊಂದಿದೆ. ಅದರಲ್ಲಿ ಹೆಸರಿದ್ದರೆ ಸಾಕು. ಆದರೆ ಅವನು ತಾನಾಗಿ 'ನಾನು ನಿವೃತ್ತನಾದೆ' ಎಂದು ಬರೆದುಕೊಟ್ಟರೆ, ಮುಂದಿನ ವರುಷಗಳ ಹಣದ ಮೇಲೆ ಅವನಿಗೆ ಹಕ್ಕಿರುವುದಿಲ್ಲ. ಹಿಂದೆ ತಾನು ದುಡಿದು ಬಾಕಿ ಉಳಿಸಿಕೊಂಡದ್ದು ಮಾತ್ರ ಬರುತ್ತದೆ. ಗಂಟು ಬಿದ್ದಿರುವುದು ಇಲ್ಲಿಯೇ. ಆಡಲಾರೆ ಎಂಬುದು ಒಂದು ಮಾತು. ಆಡುವುದಿಲ್ಲ ಎಂಬುದು ಇನ್ನೊಂದು ಮಾತು. ಮೊದಲನೆಯದು ದೇಹದ ಸ್ಥಿತಿ, ಎರಡನೆಯದು ಮನಸ್ಸಿನ ನಿರ್ಧಾರ. ನಮ್ಮ ವ್ಯಾಕರಣದಲ್ಲಿ ಇವೆರಡಕ್ಕೂ ಬೇರೆ ಬೇರೆ ರೂಪಗಳಿರುವುದು ಸುಮ್ಮನೆ ಅಲ್ಲ. ಕರಾರಿನಲ್ಲಿ ಈ ಎರಡು ರೂಪಗಳ ನಡುವಿನ ಅಂತರ ಕೋಟ್ಯಂತರ ಡಾಲರು.

ಆದ್ದರಿಂದಲೇ ಅಲ್ಲಿ ದೇಹ ಮುರಿದ ಆಟಗಾರರು ಒಂದು ವಿಚಿತ್ರ ಸ್ಥಿತಿಯಲ್ಲಿ ಸಿಕ್ಕಿಕೊಳ್ಳುತ್ತಾರೆ. ಪ್ರಿನ್ಸ್ ಫೀಲ್ಡರ್ ಎಂಬ ಬಲಿಷ್ಠ ದಾಂಡಿಗನ ಕುತ್ತಿಗೆಗೆ ಎರಡು ಸಲ ಶಸ್ತ್ರಚಿಕಿತ್ಸೆಯಾಗಿ, 2016ರ ಆಗಸ್ಟಿನಲ್ಲಿ, ಇನ್ನು ಆಡಲು ವೈದ್ಯರ ಅನುಮತಿಯಿಲ್ಲವೆಂದು ಪತ್ರಕರ್ತರ ಮುಂದೆ ಕಣ್ಣೀರಿಡುತ್ತಾ ಹೇಳಿದ. ಕರಾರು 2020ರವರೆಗೆ ಇತ್ತು. ಹೀಗಾಗಿ ಆತ ನಿವೃತ್ತಿಯ ಕಾಗದಕ್ಕೆ ಸಹಿ ಹಾಕಲಿಲ್ಲ. ಆಟ ಮುಗಿದಿತ್ತು, ಕಾಗದದ ಮೇಲೆ ಮಾತ್ರ ಆಟಗಾರ ಉಳಿದಿದ್ದ.

ಈಗ ಡೇವಿಡ್ ರೈಟ್. ವರ್ಜೀನಿಯ ರಾಜ್ಯದ ನಾರ್ಫೋಕ್ ಬಳಿ ಹುಟ್ಟಿ ಬೆಳೆದವನು. ಆ ಊರಿನಲ್ಲಿ ಮೆಟ್ಸ್ ತಂಡದ ಕಿರಿಯರ ಪಾಳೆಯವಿತ್ತು. ಹುಡುಗ ಅದನ್ನೇ ನೋಡುತ್ತಾ ಬೆಳೆದು, 2001ರಲ್ಲಿ ಅದೇ ತಂಡಕ್ಕೆ ಆಯ್ಕೆಯಾಗಿ, 2004ರ ಜುಲೈಯಲ್ಲಿ ನ್ಯೂಯಾರ್ಕಿನ ಅಂಗಳಕ್ಕೆ ಇಳಿದ. ಮೂರನೆಯ ಬೇಸಿನ ಕಾವಲು ಅವನದು. ಬೇರೆ ತಂಡಕ್ಕೆ ಹೋಗಲೇ ಇಲ್ಲ. 2012ರ ಕೊನೆಯಲ್ಲಿ 8 ವರುಷಕ್ಕೆ 13 ಕೋಟಿ 80 ಲಕ್ಷ ಡಾಲರುಗಳ ಕರಾರಿಗೆ ಸಹಿ ಹಾಕಿದ. 2013ರಲ್ಲಿ ತಂಡದ ನಾಯಕನಾದ. ಎರಡು ವರುಷ ಕಳೆದು 2015ರಲ್ಲಿ ಅವನ ಬೆನ್ನೆಲುಬಿನ ರೋಗ ಪತ್ತೆಯಾಯಿತು. ಬೆನ್ನುಹುರಿ ಹಾದುಹೋಗುವ ಎಲುಬಿನ ಓಣಿ ಕಿರಿದಾಗಿ ನರಗಳನ್ನು ಹಿಸುಕುವ ರೋಗ ಅದು. ಆ ವರುಷದ ಆಗಸ್ಟಿನಲ್ಲಿ ನಾಲ್ಕು ತಿಂಗಳ ಮೇಲೆ ಮರಳಿ ಬಂದವನು ಮೊದಲ ಸರದಿಯಲ್ಲಿಯೇ ಚೆಂಡನ್ನು ಪ್ರೇಕ್ಷಕರ ನಡುವೆ ಹೊಡೆದ. ಅಕ್ಟೋಬರಿನಲ್ಲಿ ಅವನ ತಂಡ ವರ್ಲ್ಡ್ ಸೀರೀಸ್ ಎಂಬ ಕಡೆಯ ಸುತ್ತಿಗೆ ಏರಿತು; ಅಲ್ಲಿಯೂ ಸ್ವಂತ ಅಂಗಳದಲ್ಲಿ ಒಂದು ಹೋಮ್ ರನ್ ಹೊಡೆದ. ಪಂದ್ಯಕ್ಕೆ ಸಿದ್ಧವಾಗಲು ಅವನು ಗಂಟೆಗಟ್ಟಲೆ ಬೆನ್ನನ್ನು ಸಡಿಲಿಸಿಕೊಳ್ಳಬೇಕಾಗಿತ್ತು ಎಂಬುದು ನೋಡುವವರಿಗೆ ಕಾಣುತ್ತಿರಲಿಲ್ಲ.

2016ರ ಮೇ ತಿಂಗಳ ಕೊನೆಗೆ ಆಟ ನಿಂತಿತು. ಮೊದಲು ಕುತ್ತಿಗೆ, ಬಳಿಕ ಭುಜ, ಬಳಿಕ ಬೆನ್ನು. ಹೀಗೆ 17 ತಿಂಗಳೊಳಗೆ ಮೂರು ಶಸ್ತ್ರಚಿಕಿತ್ಸೆಗಳು. ಆದರೂ ಬಿಡಲಿಲ್ಲ. 2018ರ ಬೇಸಗೆಯಲ್ಲಿ ಕಿರಿಯ ತಂಡಗಳ ಜೊತೆ ಸೇರಿ ಮತ್ತೆ ಅಭ್ಯಾಸ ಮಾಡಿದ. ಸೆಪ್ಟೆಂಬರಿನಲ್ಲಿ ತಾನೇ ಪತ್ರಕರ್ತರ ಮುಂದೆ ಬಂದು, ವೈದ್ಯರು ಹೇಳುವ ಪ್ರಕಾರ ಇನ್ನು ಗುಣವಾಗುವ ಲಕ್ಷಣವಿಲ್ಲ, ಸ್ವಂತ ಅಂಗಳದಲ್ಲಿ ಕೊನೆಯದಾಗಿ ಒಮ್ಮೆ ಆಡುತ್ತೇನೆ ಎಂದ. ಆಗ ಕರಾರಿನಲ್ಲಿ ಎರಡು ವರುಷ, 2 ಕೋಟಿ 70 ಲಕ್ಷ ಡಾಲರು ಉಳಿದಿತ್ತು. ಅವನು ಆಡದೆ ಕುಳಿತಿರುವಷ್ಟು ಕಾಲ ಸಂಬಳದ ಮುಕ್ಕಾಲು ಪಾಲನ್ನು ವಿಮಾ ಕಂಪನಿ ತಂಡಕ್ಕೆ ತುಂಬಿಕೊಡುತ್ತಿತ್ತೆಂದು ಪತ್ರಿಕೆಗಳು ಬರೆದಿದ್ದವು. ಆಡಿಸಿದರೆ ವಿಮೆಯ ಗತಿ ಏನು, ಆಡಿಸದಿದ್ದರೆ ಜನ ಏನೆಂದಾರು ಎಂಬ ಚರ್ಚೆ ನಡೆಯಿತು. ನಿವೃತ್ತಿ ಎಂಬ ಮಾತು ಮಾತ್ರ ಅಧಿಕೃತವಾಗಿ ಬರಲಿಲ್ಲ.

ಸೆಪ್ಟೆಂಬರ್ 29ರ ರಾತ್ರಿ ಕ್ರೀಡಾಂಗಣ ಕಿಕ್ಕಿರಿದಿತ್ತು. ಆ ಋತುವಿನಲ್ಲಿ ಮೆಟ್ಸ್ ತಂಡ ಗೆಲ್ಲುವಂಥದೇನೂ ಉಳಿದಿರಲಿಲ್ಲ. ಜನ ಬಂದದ್ದು ಒಬ್ಬನಿಗಾಗಿ. ಪಂದ್ಯದ ಮುನ್ನ ಅವನ ಎರಡು ವರುಷದ ಮಗಳು ಚೆಂಡನ್ನು ಎಸೆದಳು, ಅಪ್ಪ ಹಿಡಿದ. ಮೊದಲ ಸರದಿಯಲ್ಲಿ ಹೊಡೆಯಲು ಬರುವ ಎಸೆತಗಳೇ ಸಿಗದೆ ನಡೆದುಕೊಂಡು ಮೊದಲ ಬೇಸಿಗೆ ಹೋದ. ಎರಡನೆಯ ಸರದಿಯಲ್ಲಿ ಅವನು ಹೊಡೆದ ಚೆಂಡು ಗೆರೆಯಾಚೆ ಮೇಲೆದ್ದಿತು. ಎದುರು ತಂಡದವನು ಓಡಿಹೋಗಿ ಹಿಡಿದ. ಕರ್ತವ್ಯವನ್ನು ಮಾಡಿದ ಆ ಪಾಪದ ಮನುಷ್ಯನನ್ನು ಇಡೀ ಕ್ರೀಡಾಂಗಣವೇ ಮೂದಲಿಸಿತಂತೆ! ಐದನೆಯ ಇನ್ನಿಂಗ್ಸಿನಲ್ಲಿ ರೈಟನನ್ನು ಹೊರಗೆ ಕರೆದರು. ಎಲ್ಲರೂ ಎದ್ದು ನಿಂತರು. ಆತ ಜೊತೆಗಾರರನ್ನು ಅಪ್ಪಿಕೊಂಡು, ಟೋಪಿ ತೆಗೆದು ನಾಲ್ಕು ದಿಕ್ಕಿಗೂ ಬೀಸಿ ಒಳಗೆ ನಡೆದ. ಪಂದ್ಯ 13 ಇನ್ನಿಂಗ್ಸ್ ಬೆಳೆದು ಮೆಟ್ಸ್ ಒಂದು ಓಟದಿಂದ ಗೆದ್ದಿತು; ಆದರೆ ಅದನ್ನು ಯಾರು ನೆನಪಿಟ್ಟುಕೊಂಡಿದ್ದಾರು? ಕರಾರಿನ ಲೆಕ್ಕವನ್ನು ಎರಡು ಕಡೆಯವರೂ ಕುಳಿತು ಮಾತನಾಡಿ 2019ರ ಜನವರಿಯಲ್ಲಿ ತೀರಿಸಿದರು. ತಂಡ ಅವನನ್ನು ಬಿಡುಗಡೆ ಮಾಡಿ ಸಲಹೆಗಾರನಾಗಿ ಉಳಿಸಿಕೊಂಡಿತು. 2025ರ ಜುಲೈ 19ರಂದು ಅವನ ಅಂಗಿಯ ಮೇಲಿದ್ದ 5 ಎಂಬ ಅಂಕವನ್ನು ಇನ್ನಾರೂ ತೊಡಬಾರದೆಂದು ಶಾಶ್ವತವಾಗಿ ಎತ್ತಿಟ್ಟರು.

ಇದು ಸುಖಾಂತ. ಎರಡನೆಯ ಕಥೆ ಇಷ್ಟು ಸರಾಗವಲ್ಲ.

ಸ್ಟೀಫನ್ ಸ್ಟ್ರಾಸ್‌ಬರ್ಗ್ ಕ್ಯಾಲಿಫೋರ್ನಿಯದ ಸ್ಯಾನ್ ಡಿಯಾಗೊ ನಗರದವನು. ಕಾಲೇಜಿನಲ್ಲಿದ್ದಾಗಲೇ 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಅಮೆರಿಕದ ಪರವಾಗಿ ಆಡಿ ಕಂಚಿನ ಪದಕ ತಂದ. ಆ ತಂಡದಲ್ಲಿ ಕಾಲೇಜು ಹುಡುಗ ಅವನೊಬ್ಬನೇ. 2009ರಲ್ಲಿ ಹೊಸಬರ ಆಯ್ಕೆ ನಡೆದಾಗ ದೇಶಕ್ಕೆಲ್ಲ ಮೊದಲನೆಯವನಾಗಿ ವಾಷಿಂಗ್ಟನ್ ತಂಡಕ್ಕೆ ಬಂದ. ಗಡುವು ಮುಗಿಯಲು ನಿಮಿಷಗಳಿರುವಾಗ ಸಹಿಯಾದ ಆ ಕರಾರು 1 ಕೋಟಿ 51 ಲಕ್ಷ ಡಾಲರಿನದು. ಅವನ ಕಥೆ ಕರಾರಿನ ಎಳೆದಾಟದಲ್ಲಿಯೇ ಆರಂಭವಾಯಿತು ಎನ್ನಬಹುದು. 2010ರ ಜೂನ್ 8ರಂದು ಪಿಟ್ಸ್‌ಬರ್ಗ್ ತಂಡದ ಎದುರು ಮೊದಲ ಪಂದ್ಯ. ಏಳು ಇನ್ನಿಂಗ್ಸಿನಲ್ಲಿ 14 ಮಂದಿಯನ್ನು ಸ್ಟ್ರೈಕ್‌ಔಟ್ ಮಾಡಿದ. ಒಬ್ಬನಿಗೂ ಪುಕ್ಕಟೆಯಾಗಿ ಬೇಸನ್ನು ಕೊಡಲಿಲ್ಲ. ಎರಡೂವರೆ ತಿಂಗಳು ಕಳೆಯುವುದರೊಳಗೆ ಮೊಣಕೈಯ ನಾರು ಹರಿಯಿತು. ಸೆಪ್ಟೆಂಬರಿನಲ್ಲಿ ಟಾಮಿ ಜಾನ್ ಶಸ್ತ್ರಚಿಕಿತ್ಸೆ. ಮರಳಿ ಬಂದದ್ದು ಒಂದು ವರುಷದ ಮೇಲೆ.

2012ರಲ್ಲಿ ಒಂದು ವಿಶೇಷ ನಡೆಯಿತು. ವಾಷಿಂಗ್ಟನ್ ತಂಡ ಎಲ್ಲರಿಗಿಂತ ಮುಂದೆ ಇತ್ತು. ಸ್ಟ್ರಾಸ್‌ಬರ್ಗ್ 15 ಪಂದ್ಯ ಗೆದ್ದಿದ್ದ. ಸೆಪ್ಟೆಂಬರಿನಲ್ಲಿ, ಕೊನೆಯ ಸುತ್ತುಗಳು ಇನ್ನೇನು ಬರಲಿವೆ ಎನ್ನುವಾಗ, ತಂಡದವರು ಅವನನ್ನು ಕೂರಿಸಿಬಿಟ್ಟರು. ಏಟಿನಿಂದ ಎದ್ದ ತೋಳಿಗೆ ಈ ವರುಷ ಇಷ್ಟೇ ದುಡಿಮೆ ಎಂದು ಮೊದಲೇ ನಿಶ್ಚಯಿಸಿದ್ದರು. ಆಗ ಅವನು 159 ಇನ್ನಿಂಗ್ಸ್ ದಾಟಿದ್ದ. ಅವನಿಗೆ ಇದು ಇಷ್ಟವಿರಲಿಲ್ಲ. ಅವನಿಲ್ಲದ ತಂಡ ಸೇಂಟ್ ಲೂಯಿಸ್ ತಂಡಕ್ಕೆ ಸೋತಿತು. ಗೆಲುವನ್ನು ಕೈಬಿಟ್ಟು ತೋಳನ್ನು ಉಳಿಸಿದರೆಂದು ಕೆಲವರು ಹೊಗಳಿದರು. ನಾಳೆಯ ಆಸೆಗೆ ಇಂದನ್ನು ಬಲಿಕೊಟ್ಟರೆಂದು ಹಲವರು ಬೈದರು. ಇಂದಿಗೂ ಅಮೆರಿಕದಲ್ಲಿ ಈ ವಾದ ತೀರಿಲ್ಲ.

ಉಳಿಸಿದ ತೋಳಿನ ಫಲ ಏಳು ವರುಷದ ಮೇಲೆ ಬಂದಿತು. 2019ರಲ್ಲಿ ಆತ 209 ಇನ್ನಿಂಗ್ಸ್ ಎಸೆದ. 18 ಪಂದ್ಯ ಗೆದ್ದ. ಕಡೆಯ ಸುತ್ತುಗಳಲ್ಲಿ ಇನ್ನೂ 36 ಇನ್ನಿಂಗ್ಸ್ ಎಸೆದು ಐದು ಗೆಲುವು ಪಡೆದ, ಒಂದೂ ಸೋಲಲಿಲ್ಲ. ವರ್ಲ್ಡ್ ಸೀರೀಸಿನಲ್ಲಿ ಹ್ಯೂಸ್ಟನ್ ತಂಡದ ಎದುರು ಎರಡನೆಯ ಪಂದ್ಯವನ್ನೂ ಆರನೆಯ ಪಂದ್ಯವನ್ನೂ ಗೆದ್ದುಕೊಟ್ಟವನು ಅವನೇ. ಆರನೆಯದನ್ನು ಸೋತಿದ್ದರೆ ಎಲ್ಲವೂ ಮುಗಿಯುತ್ತಿತ್ತು. ಆ ರಾತ್ರಿ ಎಂಟು ಇನ್ನಿಂಗ್ಸ್ ಮೀರಿ ದಿಬ್ಬದ ಮೇಲೆ ನಿಂತಿದ್ದ. ಏಳನೆಯ ಪಂದ್ಯವನ್ನೂ ಗೆದ್ದು ವಾಷಿಂಗ್ಟನ್ ನಗರ 1924ರ ಬಳಿಕ ಮೊದಲ ಸಲ ಆ ಕಿರೀಟವನ್ನು ಕಂಡಿತು. ಸರಣಿಯ ಶ್ರೇಷ್ಠ ಆಟಗಾರನೆಂಬ ಗೌರವ ಸ್ಟ್ರಾಸ್‌ಬರ್ಗನಿಗೆ ಬಂದಿತು.

ಆ ಡಿಸೆಂಬರಿನಲ್ಲಿ ತಂಡದವರು ಅವನೊಡನೆ ಹೊಸ ಕರಾರು ಮಾಡಿಕೊಂಡರು. 7 ವರುಷಕ್ಕೆ 24 ಕೋಟಿ 50 ಲಕ್ಷ ಡಾಲರು, ಎಂದರೆ ವರುಷಕ್ಕೆ ಮೂರೂವರೆ ಕೋಟಿ. ಅದರಲ್ಲಿ 8 ಕೋಟಿಯನ್ನು ಮುಂದೂಡಿ ಕೊಡುವ ಏರ್ಪಾಡು. ಕಾಕತಾಳೀಯವೆನ್ನಿ, ಆ ವರುಷ ಒಟ್ಟು ಅವನು ಎಸೆದ ಇನ್ನಿಂಗ್ಸೂ 245. ಕರಾರಿನ ಮೊತ್ತವೂ ಅವರ ಎಣಿಕೆಯಲ್ಲಿ 245 ದಶಲಕ್ಷ. ಆದರೆ ಕರಾರು ಮುಂದಿನ ಏಳು ವರುಷಕ್ಕೆ. ತೋಳು ಖರ್ಚಾಗಿದ್ದು ಹಿಂದಿನ ವರುಷದಲ್ಲಿ.

2020ರಲ್ಲಿ ಎರಡು ಪಂದ್ಯ ಆಡಿದ. ಕೈ ಮರಗಟ್ಟಿ ಮಣಿಕಟ್ಟಿಗೆ ಶಸ್ತ್ರಚಿಕಿತ್ಸೆಯಾಯಿತು. 2021ರಲ್ಲಿ ಐದು ಪಂದ್ಯ. ಆಮೇಲೆ ಇನ್ನೂ ದೊಡ್ಡ ಶಸ್ತ್ರಚಿಕಿತ್ಸೆ. ಕುತ್ತಿಗೆಯಿಂದ ತೋಳಿಗೆ ಇಳಿಯುವ ನರಗಳೂ ರಕ್ತನಾಳಗಳೂ ಕೊರಳ ಬುಡದ ಎಲುಬಿಗೂ ಮೊದಲ ಪಕ್ಕೆಲುಬಿಗೂ ನಡುವಿನ ಸಂದಿಯಲ್ಲಿ ಹಾದುಹೋಗುತ್ತವೆ. ಆ ಸಂದಿ ಬಿಗಿದರೆ ಕೈ ಜೋಮು ಹಿಡಿಯುತ್ತದೆ, ಬಲ ಉಡುಗುತ್ತದೆ. ದಾರಿ ಬಿಡಿಸಲು ಒಂದು ಪಕ್ಕೆಲುಬನ್ನೂ ಕುತ್ತಿಗೆಯ ಸ್ನಾಯುಗಳನ್ನೂ ತೆಗೆದರು. 2022ರ ಜೂನ್ 9ರಂದು ಮಯಾಮಿಯಲ್ಲಿ ಒಂದು ಪಂದ್ಯ ಆಡಿದ. ಅದೇ ಕಡೆಯದು. ಹೊಸ ಕರಾರಿನ ಕಾಲದಲ್ಲಿ ಅವನು ಎಸೆದದ್ದು ಎಂಟು ಪಂದ್ಯಗಳಲ್ಲಿ 31 ಇನ್ನಿಂಗ್ಸು, ಗೆದ್ದದ್ದು ಒಂದು.

2023ರ ಆಗಸ್ಟ್ 24ರಂದು ಅವನು ನಿವೃತ್ತನಾಗುತ್ತಾನೆಂಬ ಸುದ್ದಿ ಹೊರಬಿತ್ತು. ಸೆಪ್ಟೆಂಬರ್ 9ರಂದು ವಾಷಿಂಗ್ಟನ್ನಿನ ಕ್ರೀಡಾಂಗಣದಲ್ಲಿ ಪತ್ರಿಕಾಗೋಷ್ಠಿ ಎಂದು ಗೊತ್ತಾಯಿತು. ಆದರೆ ಆ ದಿನ ಬರುವ ಮೊದಲೇ ಗೋಷ್ಠಿ ರದ್ದಾಯಿತು. ಮೂರು ವರುಷದ ಹತ್ತೂವರೆ ಕೋಟಿ ಡಾಲರು ಹೇಗೆ ಸಲ್ಲಬೇಕೆಂಬುದರಲ್ಲಿ ಒಡೆಯರಿಗೂ ಆಟಗಾರನ ಪರವಾದವರಿಗೂ ಒಮ್ಮತ ಬರಲಿಲ್ಲ. ಈ ಕರಾರಿಗೆ ವಿಮೆ ಮಾಡಿಸಿರಲಿಲ್ಲವೆಂದು ಪತ್ರಿಕೆಗಳು ಬರೆದವು. ರೈಟನ ಸಂಬಳದ ಬಹುಪಾಲನ್ನು ವಿಮಾ ಕಂಪನಿ ಹೊತ್ತಿತ್ತು; ಇಲ್ಲಿ ಎಲ್ಲವೂ ತಂಡದ ತಿಜೋರಿಯಿಂದಲೇ ಹೋಗಬೇಕು. ಒಡೆಯರಲ್ಲಿ ಒಬ್ಬರಾದ ಮಾರ್ಕ್ ಲರ್ನರ್ ಒಂದು ಹೇಳಿಕೆ ಕೊಟ್ಟು, ಖಾಸಗಿ ಮಾತುಕತೆ ಬೀದಿಗೆ ಬಂದದ್ದಕ್ಕೆ ವಿಷಾದಿಸಿ, ವಸಂತದ ತಾಲೀಮಿನಲ್ಲಿ ಅವನನ್ನು ಕಾಣುವೆವೆಂದರು. ಕೈ ಎತ್ತಲಾರದವನನ್ನು ತಾಲೀಮಿಗೆ ಕರೆದ ಹಾಗಾಯಿತು ಎಂದು ಜನ ಆಡಿಕೊಂಡರು.

ಇನ್ನೊಂದು ಇಕ್ಕಟ್ಟೂ ಇತ್ತು. ಪ್ರತಿ ತಂಡದ ಮುಖ್ಯ ಪಟ್ಟಿಯಲ್ಲಿ 40 ಹೆಸರುಗಳಿಗೆ ಮಾತ್ರ ಎಡೆ. ಋತು ನಡೆಯುವಾಗ ದೀರ್ಘಕಾಲದ ಗಾಯಾಳುವನ್ನು ಆ ಎಣಿಕೆಯಿಂದ ಹೊರಗಿಡಬಹುದು, ಚಳಿಗಾಲದಲ್ಲಿ ಹಾಗಿಲ್ಲ. ಎಂದೂ ಎಸೆಯಲಾರದ ಹಿರಿಯನ ಹೆಸರು ಉಳಿದರೆ ಒಬ್ಬ ಕಿರಿಯನ ಹೆಸರಿಗೆ ಜಾಗವಿಲ್ಲ. ಹೀಗೆ ಚಳಿಗಾಲವೆಲ್ಲ ಆ ಹೆಸರು ಪಟ್ಟಿಯಲ್ಲಿ ಉಳಿಯಿತು. ಕಡೆಗೆ 2024ರ ಏಪ್ರಿಲ್ 6ರಂದು ಲೀಗಿನ ದಿನಚರಿಯಲ್ಲಿ ಅವನ ಹೆಸರಿನ ಎದುರು 'ನಿವೃತ್ತ' ಎಂಬ ಒಂದು ಮಾತು ಕಾಣಿಸಿತು. ಮರುದಿನ ಎರಡೂ ಕಡೆಯಿಂದ ಲಿಖಿತ ಹೇಳಿಕೆಗಳು ಬಂದವು. ಆತ ಜೊತೆಗಾರರಿಗೂ ಅಭಿಮಾನಿಗಳಿಗೂ ಕೃತಜ್ಞತೆ ಹೇಳಿದ. ಹಣ ಪೂರ್ತಿಯಾಗಿ ಸಲ್ಲುವುದೆಂದೂ, ಒಂದಷ್ಟು ಭಾಗವನ್ನು ಇನ್ನೂ ಮುಂದಕ್ಕೆ ಹಾಕಲಾಗಿದೆಯೆಂದೂ ವರದಿಯಾಯಿತು. 113 ಗೆಲುವು, 62 ಸೋಲು, 1,723 ಸ್ಟ್ರೈಕ್‌ಔಟ್. ಲೆಕ್ಕ ಮುಗಿಯಿತು. ಆದರೆ ಹೊರಡುವ ಹೊತ್ತಿಗೆ ಕ್ರೀಡಾಂಗಣದಲ್ಲಿ ಎದ್ದು ನಿಂತವರು ಯಾರೂ ಇರಲಿಲ್ಲ.

ಇದರಲ್ಲಿ ತಪ್ಪು ಯಾರದು? ಒಡೆಯರ ಕಡೆಯಿಂದ ನೋಡಿದರೆ ಅವರ ಮಾತಿನಲ್ಲೂ ಅರ್ಥವಿದೆ. ಎಂಟು ಪಂದ್ಯಕ್ಕೆ 24 ಕೋಟಿ ಡಾಲರು ತೆರುವುದೆಂದರೆ ಯಾರಿಗೂ ಹೊಟ್ಟೆ ಉರಿಯದೆ ಇರದು. ಆಟಗಾರನು ಬಿಡುವುದೇ ನಿಜವಾದರೆ ಏನಾದರೂ ಬಿಟ್ಟುಕೊಡಲಿ ಎಂದು ಅವರು ಕೇಳುವುದು ವ್ಯಾಪಾರಧರ್ಮಕ್ಕೆ ವಿರೋಧವಲ್ಲ. ಅಷ್ಟು ಹಣ ಉಂಡವನಿಗೆ ಇನ್ನೂ ಏಕೆ ಎಂದು ಕೇಳುವ ಸಾಮಾನ್ಯ ಜನರೂ ಇದ್ದಾರೆ. ತಿಂಗಳ ಕೊನೆಗೆ ಎಣಿಸಿ ಖರ್ಚು ಮಾಡುವ ನಮಗೆ ಆ ಪ್ರಶ್ನೆ ಸಹಜವೇ. ಆದರೆ ಹಣದ ಗಾತ್ರವನ್ನು ನೋಡಿ ನ್ಯಾಯವನ್ನು ಅಳೆಯಬಾರದು. ಹತ್ತು ರೂಪಾಯಿನ ಕೂಲಿಗೂ ಹತ್ತು ಕೋಟಿಯ ಕರಾರಿಗೂ ಒಂದೇ ನ್ಯಾಯ. ಆತ ಆಡಲಾರದವನಾದದ್ದು ಎಲ್ಲಿ? ಅವರದೇ ದಿಬ್ಬದ ಮೇಲೆ, ಅವರಿಗಾಗಿ ಎಸೆದು. 2019ರಲ್ಲಿ ತೋಳು ಬಿದ್ದುಹೋಗಬಹುದೆಂಬುದು ಎರಡು ಕಡೆಯವರಿಗೂ ಗೊತ್ತಿತ್ತು. ಒಮ್ಮೆ ನಾರು ಹರಿದ ತೋಳು ಅದು. ಗೊತ್ತಿದ್ದೂ ಸಹಿ ಹಾಕಿದರು. ಆತನ ತೋಳು ಒಳ್ಳೆಯದಾಗಿಯೇ ಉಳಿದು ಇನ್ನೂ ಎರಡು ಕಿರೀಟಗಳನ್ನು ತಂದುಕೊಟ್ಟಿದ್ದರೆ ಅವರು ಕರಾರಿನ ಮೊತ್ತವನ್ನು ತಾವಾಗಿ ಏರಿಸುತ್ತಿದ್ದರೆ? ಇಲ್ಲ. ಹಾಗಾದರೆ ಇಳಿಸುವುದೂ ಇಲ್ಲ.

ನಮ್ಮ ಹಳಗನ್ನಡದಲ್ಲಿ ಜೋಳವಾಳಿ ಎಂಬ ಒಂದು ಮಾತಿದೆ. ಒಡೆಯನ ಜೋಳವನ್ನು ಉಂಡವನು ಅವನಿಗಾಗಿ ಪ್ರಾಣವನ್ನೂ ಒಡ್ಡಬೇಕೆಂಬ ಕಟ್ಟು ಅದು. ಈ ಮಾತನ್ನು ನಾವು ಅಭಿಮಾನದಿಂದ ಹೇಳುತ್ತೇವೆ. ಅದರ ಜೊತೆಗೇ ನಮ್ಮ ಶಾಸನಗಳಲ್ಲಿ ನೆತ್ತರುಗೊಡಗೆ ಎಂಬ ಇನ್ನೊಂದು ಮಾತೂ ಇದೆ. ಕಾಳಗದಲ್ಲಿ ಬಿದ್ದ ವೀರನ ಮನೆಯವರಿಗೆ ಬಿಟ್ಟುಕೊಟ್ಟ ಭೂಮಿಯ ಹೆಸರು ಅದು. ಬಿದ್ದವನು ಇನ್ನು ಕಾದಲಾರನು. ಅವನಿಂದ ಒಡೆಯನಿಗೆ ಮುಂದೆ ಯಾವ ಪ್ರಯೋಜನವೂ ಇಲ್ಲ. ಆದರೂ ಕೊಟ್ಟರು, ಕೊಟ್ಟದ್ದನ್ನು ಕಲ್ಲಿನಲ್ಲಿ ಕೊರೆಸಿದರು. ಆಟವನ್ನು ಕಾಳಗಕ್ಕೆ ಸಮ ಮಾಡುವ ಉದ್ದೇಶ ನನಗಿಲ್ಲ. ಆಟದಲ್ಲಿ ಹೋಗುವುದು ಪ್ರಾಣವಲ್ಲ, ಒಂದು ತೋಳು, ಒಂದು ಬೆನ್ನು. ಆದರೆ ದುಡಿಸಿಕೊಂಡವನಿಗೂ ದುಡಿದವನಿಗೂ ನಡುವೆ, ದುಡಿಮೆ ನಿಂತ ಮೇಲೂ ಉಳಿಯುವ ಒಂದು ಋಣವಿದೆಯೆಂಬುದನ್ನು ಆ ಎರಡು ಹಳೆಯ ಮಾತುಗಳು ಒಟ್ಟಿಗೆ ನಿಂತು ಹೇಳುತ್ತವೆ. ಒಂದನ್ನು ಮಾತ್ರ ನೆನೆದರೆ ಅರ್ಧ ಧರ್ಮ.

ಕೌಫ್ಯಾಕ್ಸನ ಕಾಲದಲ್ಲಿ ಆ ಋಣ ಕಾಗದಕ್ಕೆ ಬಂದಿರಲಿಲ್ಲ. ಸ್ಟ್ರಾಸ್‌ಬರ್ಗನ ಕಾಲಕ್ಕೆ ಬಂದಿತ್ತು. ಕಾಗದವೇ ಅವನನ್ನು ಕಾಪಾಡಿತು. ಇದು ಸಣ್ಣ ಲಾಭವಲ್ಲ. ಕೂಲಿಯನ್ನು ಯಾರ ಕೃಪೆಗೂ ಬಿಡದೆ ಹಕ್ಕಾಗಿ ಬರೆಸಿಕೊಳ್ಳಲು ಅಲ್ಲಿನ ಆಟಗಾರರು ಬಹಳ ಕಾಲ ಹೋರಾಡಿದರು. ಅವರಲ್ಲಿ ಕರ್ಟ್ ಫ್ಲಡ್‌ನಂಥವರು ಸೋತು ಮುಂದಿನವರಿಗೆ ಗೆದ್ದುಕೊಟ್ಟರು. ಆದರೆ ಕಾಗದ ಮಾಡಲಾರದ ಕೆಲಸವೂ ಒಂದಿದೆ. ಕರಾರಿನ ಯಾವ ಕಲಮಿನಲ್ಲೂ ಒಬ್ಬ ಮನುಷ್ಯನನ್ನು ಎದ್ದು ನಿಂತು ಕಳುಹಿಸಬೇಕೆಂದು ಬರೆದಿರುವುದಿಲ್ಲ. ನ್ಯೂಯಾರ್ಕಿನವರು ಲೆಕ್ಕವನ್ನು ಚಳಿಗಾಲಕ್ಕೆ ಮುಂದೂಡಿ ಮೊದಲು ಹಾರ ಹಾಕಿದರು. ವಾಷಿಂಗ್ಟನ್ನಿನವರು ಹಾರವನ್ನು ಬದಿಗಿಟ್ಟು ಮೊದಲು ಲೆಕ್ಕಕ್ಕೆ ಕುಳಿತರು. ಲೆಕ್ಕ ಸರಿಯಾಗಿಯೇ ತೀರಿತು, ಅಷ್ಟರಲ್ಲಿ ಹೂ ಬಾಡಿತ್ತು.

ನಮ್ಮ ನಮ್ಮ ಮನೆಗಳಲ್ಲಿ, ಅಂಗಡಿಗಳಲ್ಲಿ, ಕಾರ್ಖಾನೆಗಳಲ್ಲಿ ಬಹುಕಾಲ ದುಡಿದು ಮೈ ಸೋತವರು ಇರುತ್ತಾರೆ. ಅವರಿಗೆ ಕೋಟಿಗಳ ಕರಾರು ಇರುವುದಿಲ್ಲ. ಎಷ್ಟೋ ವೇಳೆ ಕರಾರೇ ಇರುವುದಿಲ್ಲ. ಅವರಿಗೆ ಸಲ್ಲಬೇಕಾದ ಬಾಕಿಯನ್ನು ಸಲ್ಲಿಸುವುದು ನಮ್ಮ ಕರ್ತವ್ಯ; ಅದರಲ್ಲಿ ಚೌಕಾಸಿ ಸಲ್ಲದು. ಬಾಕಿ ತೀರುವವರೆಗೆ ಒಳ್ಳೆಯ ಮಾತನ್ನು ತಡೆಹಿಡಿಯುವುದಂತೂ ಸಲ್ಲವೇ ಸಲ್ಲದು. ಹಣವನ್ನು ಕಂತಿನಲ್ಲಿ ಕೊಡಬಹುದು, ಮುಂದಕ್ಕೂ ಹಾಕಬಹುದು. ಮರ್ಯಾದೆಯನ್ನು ಮಾತ್ರ ಆ ದಿನವೇ ಕೊಡಬೇಕು.